ನಷ್ಟ ಬರೆಯುವ ಮೊದಲು ಹಕ್ಕು ಬರೆಯಿರಿ

ಟಾರ್ಟ್ ದಾವೆಗೆ (ಒಪ್ಪಂದದಿಂದ ಹುಟ್ಟದ ಸಿವಿಲ್ ತಪ್ಪಿಗೆ ಪರಿಹಾರ ಕೇಳುವ ದಾವೆಗೆ) ವಾದಪತ್ರ ಬರೆಯುವಾಗ ನಾನು ಹಾಳೆಯ ನಡುವೆ ಗೆರೆ ಎಳೆದು ಎಡಕ್ಕೆ ‘ಹಕ್ಕು’, ಬಲಕ್ಕೆ ‘ನಷ್ಟ’ ಎಂದು ಬರೆದುಕೊಳ್ಳುತ್ತೇನೆ. ಕಕ್ಷಿದಾರರು ಹೇಳುವುದೆಲ್ಲ ಬಲಕ್ಕೇ ಹೋಗುತ್ತದೆ: ವ್ಯಾಪಾರ ಬಿತ್ತು, ನೀರು ಬತ್ತಿತು, ನಿದ್ದೆ ಕೆಟ್ಟಿತು. ಎಡಗಡೆ ಒಂದೇ ವಾಕ್ಯ ಬೇಕು, ಅದರಲ್ಲಿ ನಷ್ಟದ ಸುದ್ದಿ ಬರಬಾರದು: ಪ್ರತಿವಾದಿ ನನ್ನ ಯಾವ ಹಕ್ಕನ್ನು ಏನು ಮಾಡಿ ಮುರಿದ? ಈ ವಾಕ್ಯ ಹುಟ್ಟದಿದ್ದರೆ ಬಲಗಡೆ ಎಷ್ಟೇ ಉದ್ದದ ಪಟ್ಟಿ ಇದ್ದರೂ ದಾವೆ ನಿಲ್ಲುವುದಿಲ್ಲ.

1410ರಲ್ಲಿ ಇಂಗ್ಲೆಂಡಿನ ಗ್ಲಾಸ್ಟರ್‌ನ ಶಾಲಾ ಮೇಷ್ಟ್ರುಗಳಿಗೆ ಆದದ್ದು ಇದೇ. ಪಕ್ಕದಲ್ಲಿ ಹೊಸ ಶಾಲೆ ಬಂದು, ಮೂರು ತಿಂಗಳಿಗೆ ಮಗುವೊಂದಕ್ಕೆ 40 ಪೆನ್ಸ್ ಇದ್ದ ಶುಲ್ಕ 12ಕ್ಕೆ ಇಳಿಯಿತು. ನಷ್ಟ ಕಣ್ಣೆದುರಿಗೇ ಇತ್ತು, ಆದರೆ ಪೈಪೋಟಿ ಬೇಡ ಎನ್ನುವ ಹಕ್ಕು ಇರಲಿಲ್ಲ. ಇದು ಡ್ಯಾಮ್ನಮ್ ಸೈನ್ ಇಂಜೂರಿಯಾ, ಅಂದರೆ ಹಕ್ಕು ಮುರಿಯದೆ ಆದ ನಷ್ಟ. 1703ರ ಆಶ್ಬಿ ಪ್ರಕರಣ ತಿರುವುಮುರುವು: ಆಶ್ಬಿಗೆ ಚುನಾವಣಾಧಿಕಾರಿ ಮತ ಹಾಕಲು ಬಿಡಲಿಲ್ಲ, ಅವರ ಅಭ್ಯರ್ಥಿಗಳು ಹೇಗೂ ಗೆದ್ದರು, ಆದರೂ ಅವರ ದಾವೆ ಗೆದ್ದಿತು.

ಹೆಚ್ಚಿನವರು ಎಡವುವುದು ದುರುದ್ದೇಶದಲ್ಲಿ. ‘ಬೇಕಂತಲೇ ಮಾಡಿದ’ ಎನ್ನುವುದನ್ನೇ ಎಡಗಡೆ ಬರೆದುಬಿಡುತ್ತಾರೆ. 1895ರ ಬ್ರಾಡ್‌ಫರ್ಡ್ ಪ್ರಕರಣದಲ್ಲಿ ಪಿಕಲ್ಸ್ ಎಂಬ ಜಮೀನುದಾರ ತನ್ನದೇ ನೆಲ ತೋಡಿ, ಊರಿಗೆ ಹೋಗುವ ಒರತೆಯ ನೀರು ತಗ್ಗಿಸಿದ. ನಗರಸಭೆ ತನ್ನ ಜಮೀನನ್ನೇ ಕೊಳ್ಳಲಿ ಎಂಬ ಲೆಕ್ಕಾಚಾರ ಅವನದು ಎಂಬ ವಾದವಿತ್ತು. ಸೋತದ್ದು ನಗರಸಭೆ. ನೆಲದಡಿ ಒಸರುವ ನೀರಿನ ಮೇಲೆ ಅದಕ್ಕೆ ಹಕ್ಕೇ ಇರಲಿಲ್ಲ, ಹಾಗಾಗಿ ದುರುದ್ದೇಶ ಅಂಟಿಕೊಳ್ಳಲು ಜಾಗವಿರಲಿಲ್ಲ. ಆದರೆ 1893ರ ಕ್ರಿಸ್ಟಿ ಪ್ರಕರಣದಲ್ಲಿ ಸಂಗೀತ ಪಾಠ ಸಹಿಸದೆ ಗೋಡೆ ಬಡಿದ ನೆರೆಯವನಿಗೆ ತಡೆಯಾಜ್ಞೆ ಬಿತ್ತು. ಮನೆಯಲ್ಲಿ ನೆಮ್ಮದಿಯಾಗಿರುವ ಹಕ್ಕು ಅಲ್ಲಿ ಮೊದಲೇ ಇತ್ತು. ಸದ್ದು ಮಿತಿಯೊಳಗೆ ಇದೆಯೇ ಎಂದು ತೂಗುವಾಗ ಉದ್ದೇಶವೂ ತಕ್ಕಡಿಗೆ ಬಂತು. ದುರುದ್ದೇಶ ಹಕ್ಕನ್ನು ಹುಟ್ಟಿಸುವುದಿಲ್ಲ.

ಎಡಗಡೆ ತುಂಬಿದ ಮೇಲೆ ನಷ್ಟ ಸಾಬೀತು ಮಾಡಬೇಕೇ ಎಂದು ನೋಡುತ್ತೇನೆ. ಜಮೀನಿನ ಅತಿಕ್ರಮ, ಹಲ್ಲೆ, ಅಕ್ರಮ ಬಂಧನಕ್ಕೆ ಬೇಡ. ನಿರ್ಲಕ್ಷ್ಯಕ್ಕೆ ಬೇಕೇ ಬೇಕು. ಹಾನಿ ಆಗುವವರೆಗೂ ದಾವೆಗೆ ಕಾರಣವೇ ಇಲ್ಲ. ಅದಕ್ಕೇ ಕೃತ್ಯ ನಡೆದ ದಿನ, ಹಾನಿಯಾದ ದಿನ ಎರಡನ್ನೂ ಬೇರೆಬೇರೆ ಬರೆದಿಡಬೇಕು. ದಾವೆ ಹೂಡುವ ಕಾಲಮಿತಿಯ ಲೆಕ್ಕ ತಪ್ಪುವುದು ಇಲ್ಲೇ.

ಬಲಗಡೆ ಖಾಲಿ ಇದ್ದರೆ ಸಿಗುವುದು ನಾಮಮಾತ್ರ ಪರಿಹಾರ ಎಂದು ಕಕ್ಷಿದಾರರಿಗೆ ಮೊದಲ ದಿನವೇ ಬಿಡಿಸಿ ಹೇಳುತ್ತೇನೆ. ಕೊಠಡಿ ನಿರಾಕರಿಸಿದ ಹೋಟೆಲಿನ ವಿರುದ್ಧ 1944ರಲ್ಲಿ ಗೆದ್ದ ಕ್ರಿಕೆಟಿಗ ಲಿಯರಿ ಕಾನ್‌ಸ್ಟಂಟೈನ್ ಅವರಿಗೆ ಬಂದದ್ದು 5 ಗಿನಿ, ಅಂದರೆ ಐದು ಪೌಂಡಿಗಿಂತ ತುಸು ಹೆಚ್ಚು.