ಶಿಕಾಗೋಗೆ ಅಪ್ಪ-ಅಮ್ಮನನ್ನು ಕರೆದುಕೊಂಡು ಹೋಗುವವರಿಗೆ

ಊರಿಂದ ಅಪ್ಪ-ಅಮ್ಮ ಬಂದಿದ್ದಾರಾ? ಶಿಕಾಗೋದಲ್ಲಿ ಮೊದಲ ದಿನ ಟಿಕೆಟ್ ಖರ್ಚೇ ಬೇಡ.

ಬೆಳಿಗ್ಗೆ ಬೇಗ ಮಿಲೇನಿಯಂ ಪಾರ್ಕ್‌ಗೆ ಹೋಗಿ. ಎಲ್ಲರೂ 'ಬೀನ್' ಅನ್ನುವ, ಕನ್ನಡಿಯಂತೆ ಹೊಳೆಯುವ ದೊಡ್ಡ ಶಿಲ್ಪ ಕ್ಲೌಡ್ ಗೇಟ್ ಅಲ್ಲೇ ಇದೆ. ಮಾಡಿದವರು ಮುಂಬೈಯಲ್ಲಿ ಹುಟ್ಟಿದ ಅನೀಶ್ ಕಪೂರ್. ತಡವಾದರೆ ಜನ ಜಾಸ್ತಿ. ರಸ್ತೆ ದಾಟಿದರೆ ಕಲ್ಚರಲ್ ಸೆಂಟರ್ ಸಿಗುತ್ತದೆ. 1897ರ ಕಟ್ಟಡ, ಮೊದಲು ಗ್ರಂಥಾಲಯವಾಗಿತ್ತು. ಒಳಗಿನ ಟಿಫನಿ ಗಾಜಿನ ಗುಮ್ಮಟ ನೋಡದೆ ಬರಬೇಡಿ. ಪ್ರವೇಶ ಉಚಿತ, ಶೌಚಾಲಯವೂ ಇದೆ. ವಯಸ್ಸಾದವರಿಗೆ ಅದು ದೊಡ್ಡ ಅನುಕೂಲ ಅಲ್ವಾ?

ಅಲ್ಲಿಂದ ಸ್ವಲ್ಪ ನಡೆದರೆ ಆರ್ಟ್ ಇನ್‌ಸ್ಟಿಟ್ಯೂಟ್. 1893ರ ಸೆಪ್ಟೆಂಬರ್ 11ರಂದು ಸರ್ವಧರ್ಮ ಸಮ್ಮೇಳನದಲ್ಲಿ ವಿವೇಕಾನಂದರು ಮಾತಾಡಿದ್ದು ಇದೇ ಕಟ್ಟಡದಲ್ಲಿ. ಮ್ಯೂಸಿಯಂ ಒಳಗೆ ಟಿಕೆಟ್ ಬೇಕು. ಆದರೆ ಹೊರಗೆ ಕಂಚಿನ ಸಿಂಹಗಳ ಹತ್ತಿರ ನಿಂತು ಈ ಮಾತು ಹೇಳಿ. ನಮ್ಮಮ್ಮ ಕೇಳಿದ ಮೇಲೆ ಮೆಟ್ಟಿಲ ಮೇಲೆ ಸುಮ್ನೆ ಕೂತುಬಿಟ್ಟರು. ಅವಸರ ಮಾಡಬೇಡಿ.

ಮಧ್ಯಾಹ್ನಕ್ಕೆ ಮಿಶಿಗನ್ ಅವೆನ್ಯೂದಲ್ಲಿ 151ನೇ ನಂಬರ್ ಬಸ್ ಹಿಡಿದು ಲಿಂಕನ್ ಪಾರ್ಕ್ ಮೃಗಾಲಯಕ್ಕೆ ಹೋಗಬಹುದು. ಅದೂ ಉಚಿತ.

ದುಡ್ಡು ಖರ್ಚು ಮಾಡುವುದಾದರೆ ನದಿಯ ದೋಣಿ ಸವಾರಿಗೆ ಮಾಡಿ. ಹೆಚ್ಚು ನಡೆಯದೆ ಕೂತಲ್ಲೇ ಹಳೆಯ, ಹೊಸ ಕಟ್ಟಡಗಳೆಲ್ಲ ಕಾಣುತ್ತವೆ. ಒಂದು ಸ್ವೆಟರ್ ಮಾತ್ರ ಮರೆಯಬೇಡಿ, ಬೇಸಿಗೆಯಲ್ಲೂ ಪಕ್ಕದ ಮಿಶಿಗನ್ ಸರೋವರದ ಗಾಳಿ ತಣ್ಣಗಿರುತ್ತದೆ.