ಹಿನ್ನೆಲೆ ಮಬ್ಬಾದರೆ ಊರೇ ಮಾಯ: ರಾಯಚೂರು, ಬಳ್ಳಾರಿ ಬೀದಿಗಳಲ್ಲಿ ಕ್ಯಾಮೆರಾ

ರಾಯಚೂರಿನ ಎಪಿಎಂಸಿಯಲ್ಲಿ ಹತ್ತಿ ಅಂಡಿಗೆ ಹೊತ್ತ ಹಮಾಲರ ಮುಖವನ್ನಷ್ಟೇ ತೆಗೆದರೆ ಅದು ಯಾವ ಊರಿನದಾದರೂ ಆದೀತು. ಬೆನ್ನ ಹಿಂದಿನ ತಕ್ಕಡಿ, ದಲಾಲಿ ಅಂಗಡಿಯ ಬೋರ್ಡು, ದರಕ್ಕಾಗಿ ಕಾದು ಕೂತ ರೈತ, ಇವೆಲ್ಲ ನಿಚ್ಚಳವಾಗಿ ಬಂದರೆ ಭಾರ ಯಾರದು, ಲೆಕ್ಕ ಯಾರದು ಎನ್ನುವುದು ಕಾಣುತ್ತದೆ. ಅದಕ್ಕೇ ಹಿನ್ನೆಲೆ ಮಬ್ಬಾಗಿಸುವ ಗೋಜಿಗೆ ನಾನು ಹೋಗುವುದಿಲ್ಲ.

ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಗೆ ಅಗಲ ನೋಟದ 28 ಎಂಎಂ ಲೆನ್ಸ್ ಹಾಕಿ, ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿ, ಎಫ್/8 ಇಟ್ಟು, ಆಟೊಫೋಕಸ್ ಆರಿಸಿ 2.5 ಮೀಟರಿಗೆ ಕೈಯಿಂದಲೇ ಫೋಕಸ್ ಮಾಡಿಬಿಡುತ್ತೇನೆ. ಸುಮಾರು ಒಂದೂವರೆಯಿಂದ ಹತ್ತು ಮೀಟರಿನವರೆಗೆ ಎಲ್ಲವೂ ಸ್ಪಷ್ಟ. ಆಟೊಫೋಕಸ್ ನಂಬಿದರೆ ಅದು ಅಂಡಿಗೆಗಳ ನಡುವೆ ತಡಕಾಡುವಷ್ಟರಲ್ಲಿ ಹಮಾಲರು ದಾಟಿ ಹೋಗಿರುತ್ತಾರೆ. ಮೊಬೈಲಾದರೆ ಮುಖ್ಯ ಲೆನ್ಸ್ ಸಾಕು, ಹಿನ್ನೆಲೆ ಮಬ್ಬಾಗಿಸುವ ಪೋರ್ಟ್ರೇಟ್ ಮೋಡ್ ಬೇಡ.

ನಮ್ಮ ಕಡೆಯ ಬಿಸಿಲಿಗೆ ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ) 200, ಎಫ್/8, ಶಟರ್ 1/800 ಸೆಕೆಂಡು. ತಗಡಿನ ಶೆಡ್ಡಿನೊಳಗೆ ಹೊಕ್ಕರೆ ಐಎಸ್‌ಒ 1600, ಶಟರ್ 1/250ರಿಂದ ಶುರುಮಾಡಿ ನೋಡಿಕೊಳ್ಳಬೇಕು. ಕ್ಯಾಮೆರಾದ ಬೆಳಕಿನ ಮೀಟರಿನ ಮೇಲೆ ಬಿಟ್ಟರೆ ಹತ್ತಿ ರಾಶಿ ಬೂದಿ ಬಣ್ಣಕ್ಕೆ ತಿರುಗುತ್ತದೆ, ಬಿಳಿಯನ್ನು ಕಂಡು ಕ್ಯಾಮೆರಾ ಬೆಳಕು ತಗ್ಗಿಸುವುದರಿಂದ. ಅಲ್ಲಿ ಎಕ್ಸ್‌ಪೋಷರ್ ತಿದ್ದುವ ಸೆಟ್ಟಿಂಗಿನಲ್ಲಿ +1 ಕೊಟ್ಟು ಬೆಳಕು ಹೆಚ್ಚಿಸಬೇಕು. ಬಳ್ಳಾರಿಯ ಜೀನ್ಸ್ ಗಂಟುಗಳ ಮುಂದೆ ಇದರ ಉಲ್ಟಾ: ಕಡುನೀಲಿ ರಾಶಿ ನೋಡಿ ಅದು ಬೆಳಕು ಹೆಚ್ಚಿಸಿ ಪಕ್ಕದವರ ಮುಖ ಸುಣ್ಣ ಬಳಿದಂತೆ ಮಾಡುತ್ತದೆ. −2/3 ಇಳಿಸಿದರೆ ಸರಿಹೋಗುತ್ತದೆ.

ಬಳ್ಳಾರಿ ಇರುವುದು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ಆರಂಭದಲ್ಲಿ, ಮತ್ತೆ ಆಗಸ್ಟ್ ಎರಡನೇ ವಾರದ ಹೊತ್ತಿಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೇ ಇರುತ್ತಾನೆ. ಹುಬ್ಬಿನ ನೆರಳು ಬಿದ್ದು ಚಿತ್ರದಲ್ಲಿ ಕಣ್ಣುಗಳು ಕಪ್ಪು ಗುಳಿಯಾಗುತ್ತವೆ. ನೆರಳಿಗೆಂದು ನೀಲಿ ತಾಡಪತ್ರಿ ಕೆಳಗೆ ಹೋದರೆ ಮುಖವೂ ನೀಲಿ. ಹಿಂದೆ ಬಿಸಿಲಿರುವಾಗ ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ ಸರಿಪಡಿಸುವ ಸೆಟ್ಟಿಂಗ್) ತಿದ್ದಿದರೆ ಹಿನ್ನೆಲೆ ಕೇಸರಿಯಾಗುತ್ತದೆ. ಕಪ್ಪು-ಬಿಳುಪು ಮಾಡಿ ಪಾರಾಗುವವರಿದ್ದಾರೆ. ಜೀನ್ಸಿನ ಊರಿನಲ್ಲಿ ನೀಲಿಯನ್ನೇ ತೆಗೆದುಹಾಕಿದರೆ ಇನ್ನೇನು ಉಳಿಯಿತು? ತಾಡಪತ್ರಿಯ ಅಂಚಿಗೆ ಬಂದವರನ್ನು ತೆಗೆಯುವುದೇ ವಾಸಿ.

ಹೊಸ್ತಿಲಲ್ಲಿ ಕೂತು ಹೊಲಿದ ಜೀನ್ಸ್ ಪ್ಯಾಂಟಿನ ಹೆಚ್ಚುವರಿ ದಾರ ಕತ್ತರಿಸುವವರನ್ನು ಕೇಳದೆ ತೆಗೆಯಬಾರದು. ಹೊಸ್ತಿಲೆಂದರೆ ಅದು ಅವರ ಮನೆಯೇ. “ಅಕ್ಕಾ, ಕೆಲಸ ಮಾಡೋದು ಒಂದು ಫೋಟೊ ತೆಗೀಲೇನ್ರಿ?” ಎಂದ ಕೂಡಲೇ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ. ಆ ಪಟವನ್ನೂ ತೆಗೆದು ತೋರಿಸಿ. ಆಮೇಲೆ ಅಲ್ಲೇ ನಿಂತು ಮಾತಾಡುತ್ತಿದ್ದರೆ ಕೈ ತಾನಾಗಿ ಕತ್ತರಿಗೆ ಹೋಗುತ್ತದೆ, ಬೇಕಾದ ಚಿತ್ರ ಆಗ ಸಿಗುತ್ತದೆ. ಬೇಡ ಅಂದರೆ ಕ್ಯಾಮೆರಾ ಕೆಳಗಿಳಿಸಿ ನಮಸ್ಕಾರ ಹೇಳುವುದಷ್ಟೇ.

ಹತ್ತಿಯ ಎಳೆ ಎಲ್ಲೆಡೆ ಹಾರುವುದರಿಂದ ಮಾರುಕಟ್ಟೆಯಲ್ಲಿ ಲೆನ್ಸ್ ಬದಲಿಸುವುದಿಲ್ಲ. ಸೆನ್ಸರ್ ಮೇಲೆ ಕೂತ ಧೂಳು, ಕಿಂಡಿ ಇನ್ನೂ ಕಿರಿದಾಗುವ ಎಫ್/16ರಲ್ಲಿ, ಆಕಾಶದ ತುಂಬ ಚುಕ್ಕೆಯಾಗಿ ಕಾಣುತ್ತದೆ. ರಬ್ಬರ್ ಬ್ಲೋವರಿನಿಂದ ಊದಬೇಕು. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ.

ಸಂಜೆ ಮಿರ್ಚಿ ಬಂಡಿಯ ಎಲ್‌ಇಡಿ ಬೆಳಕಿನಲ್ಲಿ ಚಿತ್ರಕ್ಕೆ ಅಡ್ಡಪಟ್ಟಿ ಬೀಳುವುದುಂಟು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಎಲೆಕ್ಟ್ರಾನಿಕ್ ಶಟರ್ ಬಿಟ್ಟು ಮೆಕ್ಯಾನಿಕಲ್‌ಗೆ ಹೋಗಿ 1/100 ಇಟ್ಟರೆ ಬಹುಪಾಲು ತಪ್ಪುತ್ತದೆ.

ಅಂದಿನ ಹತ್ತಿ ದರ ಕ್ವಿಂಟಲಿಗೆ ಎಷ್ಟು, ಒಂದು ಪ್ಯಾಂಟಿನ ದಾರ ಕತ್ತರಿಸಿದರೆ ಕೂಲಿ ಎಷ್ಟು ಎಂದು ಅಲ್ಲೇ ಕೇಳಿಕೊಂಡು, ರಾತ್ರಿ ಮಲಗುವ ಮುಂಚೆ ಓಣಿ, ತಾರೀಖಿನ ಜೊತೆ ಕ್ಯಾಪ್ಷನ್‌ಗೆ ಸೇರಿಸುತ್ತೇನೆ. ಹೆಸರು ಹಾಕುವುದು ಅವರು ಒಪ್ಪಿದರೆ ಮಾತ್ರ.