ಟಚ್ ಡ್ರೈವರ್: ಏನನ್ನು ಹೊರಗೆ ಕೊಟ್ಟೆ, ಏನನ್ನು ಒಳಗೇ ಇಟ್ಟುಕೊಂಡೆ

ಪೀಣ್ಯದ ಮಷೀನ್ ಶಾಪ್‌ಗಳಿಗೆ ಹೋಗುವ ಒಂದು ಕಂಟ್ರೋಲ್ ಪ್ಯಾನೆಲ್‌ಗೆ ಲಿನಕ್ಸ್ ಟಚ್ ಡ್ರೈವರ್ (ಪರದೆ ಎಲ್ಲಿ ಮುಟ್ಟಿದರು ಅಂತ ಸಿಸ್ಟಮ್‌ಗೆ ತಿಳಿಸುವ ಪ್ರೋಗ್ರಾಂ) ಬರೆಯುವ ಕೆಲಸ ನನಗೆ ಬಂತು. ಚಿಪ್ ಹತ್ತು ಬೆರಳು ಗುರುತಿಸುತ್ತದೆ, ಆದರೆ ಅಪ್ಲಿಕೇಶನ್ ಬರೆಯುವವರಿಗೆ ಒಂದು ಬೆರಳು ಸಾಕಿತ್ತು. "ಸುಮ್ನೆ ಎಕ್ಸ್, ವೈ ಕೊಡೋ ಒಂದು ಐಆಕ್ಟಲ್ ಮಾಡ್ಕೊಡಿ ಸರ್, ಮುಂದಕ್ಕೆ ಇರ್ಲಿ ಅಂತ ನಾಲ್ಕೈದು ರಿಸರ್ವ್ಡ್ ಫೀಲ್ಡ್ ಇಟ್ಬಿಡಿ" ಅಂದರು.

ಐಆಕ್ಟಲ್ ಅಂದರೆ ಅಪ್ಲಿಕೇಶನ್ ನೇರವಾಗಿ ಡ್ರೈವರ್‌ಗೆ ಮಾಡುವ ಕರೆ, ರಿಸರ್ವ್ಡ್ ಫೀಲ್ಡ್ ಅಂದರೆ ಮುಂದೆ ಬೇಕಾದೀತು ಅಂತ ಅದರಲ್ಲಿ ಖಾಲಿ ಬಿಡುವ ಜಾಗ. ಎರಡಕ್ಕೂ ನಾನು ಒಪ್ಪಲಿಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು, ಡ್ರೈವರ್ ಓಡೋದು ಅದರಲ್ಲೇ) ಒಳಗಿನ ಫಂಕ್ಷನ್ ಆದರೆ ನಾಳೆ ಬದಲಾಯಿಸಬಹುದು. ಯೂಸರ್‌ಸ್ಪೇಸ್‌ಗೆ, ಅಂದರೆ ಕರ್ನಲ್ ಹೊರಗೆ ಓಡುವ ಅಪ್ಲಿಕೇಶನ್‌ಗಳಿಗೆ, ಒಮ್ಮೆ ಕೊಟ್ಟಿದ್ದನ್ನು ವಾಪಸ್ ಪಡೆಯೋಕೆ ಆಗಲ್ಲ, ಅಷ್ಟರಲ್ಲಿ ಯಾರೋ ಅದನ್ನು ನಂಬಿ ಪ್ರೋಗ್ರಾಂ ಬರೆದಿರುತ್ತಾರೆ. ರಿಸರ್ವ್ಡ್ ಫೀಲ್ಡ್ ಕೂಡ ಅಷ್ಟೇ. ಅದರಲ್ಲಿ ಸೊನ್ನೆ ಇದೆಯಾ ಅಂತ ಡ್ರೈವರ್ ಮೊದಲ ದಿನದಿಂದ ನೋಡದಿದ್ದರೆ ಅಪ್ಲಿಕೇಶನ್‌ಗಳು ಏನೇನೋ ಕಸ ತುಂಬಿ ಕಳಿಸುತ್ತವೆ, ಆಮೇಲೆ ಆ ಜಾಗ ಬಳಸೋಕೆ ಹೋದರೆ ಹಳೆಯವು ಕೆಡುತ್ತವೆ.

ಕೀಬೋರ್ಡ್, ಮೌಸ್, ಟಚ್ ನೋಡಿಕೊಳ್ಳುವ ಕರ್ನಲ್‌ನ ಇನ್‌ಪುಟ್ ಸಬ್‌ಸಿಸ್ಟಮ್‌ನಲ್ಲಿ ಈ ತಲೆನೋವು ಕಡಿಮೆ. ಪ್ರತಿ ಇವೆಂಟ್‌ನಲ್ಲೂ ಸಮಯದ ಜೊತೆ ಟೈಪ್, ಕೋಡ್, ವ್ಯಾಲ್ಯೂ ಇರುತ್ತದೆ, ಅಷ್ಟೇ. ಹೊಸ ಸಂಗತಿ ಬಂದರೆ ಹೊಸ ಕೋಡ್ ಸೇರಿಸಬಹುದು, ಸ್ಟ್ರಕ್ಚರ್ ಮುಟ್ಟಬೇಕಿಲ್ಲ. ಡಿವೈಸ್ ಏನೇನು ಕಳಿಸಬಲ್ಲದು ಅಂತ ಅಪ್ಲಿಕೇಶನ್ ಮೊದಲೇ ಕೇಳಿ ತಿಳಿದುಕೊಳ್ಳಬಹುದು. ಮೌಸ್ ವೀಲ್ ನೋಡಿ: 2019ರ 5.0 ಕರ್ನಲ್‌ನಲ್ಲಿ ಹೈ ರೆಸಲ್ಯೂಶನ್ ಕೋಡ್ ಬಂತು, ವೀಲ್ ಒಂದು ಕ್ಲಿಕ್ ತಿರುಗಿದರೆ 120 ಅಂತ ಲೆಕ್ಕ. ಹಳೆ ವೀಲ್ ಕೋಡ್ ಅದರ ಪಕ್ಕದಲ್ಲೇ ಇವತ್ತಿಗೂ ಹೋಗುತ್ತಿದೆ. ಎಷ್ಟು ಚೆನ್ನಾಗಿದೆ ಅಲ್ವಾ?

ಹಾಗಾಗಿ ಹತ್ತು ಸ್ಲಾಟ್‌ಗಳ ಮಲ್ಟಿಟಚ್ ಪ್ರೋಟೋಕಾಲ್ ಬಿಯನ್ನೇ, ಅಂದರೆ ಬೆರಳಿಗೊಂದು ಸ್ಲಾಟ್ (ಜಾಗ) ಕೊಟ್ಟು ಹಲವು ಬೆರಳು ತಿಳಿಸುವ ಕರ್ನಲ್‌ನ ಪದ್ಧತಿಯನ್ನೇ, ಹಿಡಿದೆ. ಒಂದೊಂದು ಬೆರಳಿಗೂ ಒಂದು ಟ್ರ್ಯಾಕಿಂಗ್ ಐಡಿ, ಬೆರಳು ಎತ್ತಿದರೆ ಆ ಸ್ಲಾಟ್‌ಗೆ -1. ಸ್ಲಾಟ್ ಇಡುವಾಗ ಡೈರೆಕ್ಟ್ ಫ್ಲ್ಯಾಗ್ (ಇದು ಪರದೆಯನ್ನೇ ಮುಟ್ಟುವ ಡಿವೈಸ್ ಅನ್ನೋ ಗುರುತು) ಕೊಟ್ಟು, ಪ್ರತಿ ಫ್ರೇಮ್ (ಒಂದು ಸುತ್ತಿನ ಓದು) ಕೊನೆಗೆ ಸಿಂಕ್ ಫ್ರೇಮ್ ಫಂಕ್ಷನ್ ಕರೆದರೆ ಎಲ್ಲಕ್ಕಿಂತ ಮೊದಲು ಇಟ್ಟ ಬೆರಳನ್ನು ಕರ್ನಲ್ಲೇ ಸಾದಾ ಎಕ್ಸ್, ವೈ ಆಗಿಯೂ ಕಳಿಸುತ್ತದೆ. ಒಂದೇ ಬೆರಳು ಕೇಳಿದವರ ಕೆಲಸ ಅಲ್ಲಿಗೆ ಮುಗಿಯಿತು. ನಾಳೆ ಝೂಮ್ ಬೇಕು ಅಂದರೂ ಡ್ರೈವರ್ ತೆರೆಯಬೇಕಿಲ್ಲ.

ರೆಸಲ್ಯೂಶನ್ ಮಾತ್ರ ಯಾರೂ ಕೇಳದೆಯೇ ತುಂಬಿದೆ, ಒಂದು ಮಿಲಿಮೀಟರ್‌ಗೆ ಎಷ್ಟು ಯೂನಿಟ್ ಅಂತ. ಅದು ಪ್ಯಾನೆಲ್‌ಗೆ ಸಂಬಂಧಪಟ್ಟ ನಿಜ, ಅಪ್ಲಿಕೇಶನ್ ಬದಲಾದರೂ ಅದು ಬದಲಾಗಲ್ಲ. ಪ್ಯಾನೆಲ್ ತಿರುಗಿಸಿ ಕೂರಿಸಿದರೆ ಅಕ್ಷ ಅದಲುಬದಲು ಮಾಡೋದು ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡ್‌ನ ಹಾರ್ಡ್‌ವೇರ್ ವಿವರ ಬರೆದಿಡುವ ಫೈಲ್‌ನಲ್ಲಿ.

ಜಾಸ್ತಿ ವಾದ ಆಗಿದ್ದು ಗ್ಲೌಸ್ ವಿಷಯದಲ್ಲಿ. ಆಪರೇಟರ್‌ಗಳು ಗ್ಲೌಸ್ ಹಾಕಿಕೊಂಡೇ ಮುಟ್ಟುತ್ತಾರೆ, ಸೆನ್ಸಿಟಿವಿಟಿ ಬದಲಾಯಿಸೋಕೆ ಸಿಸ್‌ಎಫ್‌ಎಸ್‌ನಲ್ಲಿ (ಡ್ರೈವರ್ ಸೆಟ್ಟಿಂಗ್‌ಗಳನ್ನು ಯೂಸರ್‌ಸ್ಪೇಸ್‌ಗೆ ಫೈಲ್‌ಗಳಾಗಿ ಕೊಡುವ ಜಾಗ) ಒಂದು ಫೈಲ್ ಬೇಕು ಅಂದರು. ಸರಿಯಾದ ನಂಬರ್ ಯಾವುದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ, ಅಂಥದ್ದನ್ನು ಹೇಗೆ ಕಾಯಂ ಮಾಡೋದು? ತಪ್ಪು ಹುಡುಕುವ ಕೆಲಸಕ್ಕೆ ಇರುವ ಡಿಬಗ್‌ಎಫ್‌ಎಸ್‌ನಲ್ಲಿ ಇಟ್ಟೆ, ಅಲ್ಲಿರುವುದು ನಾಳೆಯೂ ಇರುತ್ತೆ ಅಂತ ಕರ್ನಲ್ ಯಾರಿಗೂ ಮಾತು ಕೊಟ್ಟಿಲ್ಲ. ಶಾಪ್ ಫ್ಲೋರ್‌ನಲ್ಲೇ ನಿಂತು ನಂಬರ್ ಹೊಂದಿಸಿ, ಅದನ್ನು ಫರ್ಮ್‌ವೇರ್‌ಗೆ ಹಾಕಿ, ಆ ಫೈಲ್ ತೆಗೆದೆವು. ಆಪರೇಟರ್‌ಗಳೇ ಅದನ್ನು ಬದಲಾಯಿಸಬೇಕಾದ ಸಂದರ್ಭ ಬಂದರೆ ಸಿಸ್‌ಎಫ್‌ಎಸ್‌ಗೆ ತರುತ್ತೇನೆ, ಡಾಕ್ಯುಮೆಂಟೇಶನ್ ಸಮೇತ.